ಕೆಂಪು ದೀಪ, ಹಳದಿ ಎಣ್ಣೆ

ಮಾವನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡ ಕೆಂಪು ದೀಪ ಇದ್ದದ್ದು ಕಡಲೆ ಗಾತ್ರ. ಗಡಿಯಾರ ರಿಪೇರಿ ಮಾಡುವ ಅಳಿಯನ ಎದೆಯಲ್ಲಿ ಮಾತ್ರ ಅದು ಇಡೀ ಊರಿಗೆ ಬೆಂಕಿ ಬಿದ್ದ ಹಾಗೆ ಉರಿಯಿತು.

ಕಾರೇನು ಸಾಮಾನ್ಯದ್ದೆ? ಹೋದ ವಾರವಷ್ಟೇ ಹೊಸ ಬಣ್ಣ ಹೊಡೆಸಿಕೊಂಡದ್ದು. ಬಾನೆಟ್ಟಿನ ಮೇಲೆ ಕೂತ ನೊಣ ಜಾರಿಬಿದ್ದು ಸೊಂಟ ಮುರಿದುಕೊಳ್ಳಬೇಕು, ಅಷ್ಟು ನುಣುಪು! ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಲು ಮಗಳ ಮನೆಗೆ ಬಂದಿದ್ದ ಮಾವ, ಕೀಲಿಕೈ ಕೊಡುವಾಗಲೇ ಎಚ್ಚರಿಸಿದ್ದರು. "ಅಳಿಯಂದ್ರೇ, ಓಡಿಸಿ ಸಾಕು. ಬಾನೆಟ್ ಮಾತ್ರ ಮುಟ್ಟಬೇಡಿ. ನೀವು ಕೈಯಿಟ್ಟ ಮೇಲೆ ನಮ್ಮನೆ ಗೋಡೆ ಗಡಿಯಾರ ಹಿಂದಕ್ಕೆ ಓಡ್ತಿದೆ."

ಬೆಳಿಗ್ಗೆ ಕಾರನ್ನು ಗೇಟಿನಾಚೆ ತಂದು ನಿಲ್ಲಿಸುವಾಗ ಕಂಡದ್ದು ಈ ದೀಪ.

ಹೆಂಡತಿ ಬಗ್ಗಿ ನೋಡಿದಳು. "ಬ್ರೇಕ್ ಅಂತ ಬರೆದಿದೆ ಕಣ್ರೀ. ಎಣ್ಣೆ ಕೆಟ್ಟಿರಬೇಕು. ಅಪ್ಪಂಗೆ ಹೇಳ್ಲಾ?"

"ಹೇಳಿದ್ರೆ ನಾನೇ ಕೆಡಿಸ್ದೆ ಅಂತಾರೆ. ಸುಮ್ನಿರು ಮಾರಾಯ್ತಿ!"

ಬ್ರೇಕ್ ಎಣ್ಣೆ ತರಲು ಬಿಡಿಭಾಗದ ಅಂಗಡಿಗೆ ಓಡಿದ. "ಯಾವ ದರ್ಜೇದು, ಡಾಟ್ ತ್ರೀನಾ, ಡಾಟ್ ಫೋರಾ? ಮುಚ್ಚಳದ ಮೇಲೆ ಬರೆದಿರುತ್ತೆ, ನೋಡಿದ್ರಾ?" ಎಂದ ಅಂಗಡಿಯವ.

"ನಾಲ್ಕೇ ತಾನೆ ದೊಡ್ಡದು? ಅದೇ ಕೊಡಿ."

"ಕೊಡ್ತೀನಿ. ಆದ್ರೆ ಬಣ್ಣದ ಮೇಲೆ ಒಂದು ಹನೀನೂ ಬೀಳ್ಬಾರ್ದು. ಪೇಂಟ್ ಎದ್ದು ಬರುತ್ತೆ."

ಮಾವ ಸ್ನಾನಕ್ಕೆ ಹೋದದ್ದೇ ತಡ, ನಮ್ಮ ವೀರ ಬಾನೆಟ್ ಎತ್ತಿದ. ಮೊದಲು ಕಣ್ಣಿಗೆ ಬಿದ್ದ ಡಬ್ಬಿಯ ಮುಚ್ಚಳ ತೆಗೆದು, ದೊಡ್ಡ ಸಿರಿಂಜಿನಿಂದ ಒಳಗಿದ್ದದ್ದನ್ನೆಲ್ಲ ಹೀರಿ ಚೆಲ್ಲಿದ. ಒಂದು ಹನಿಯೂ ಹೊರಗೆ ತುಳುಕದಂತೆ ಹೊಸ ಹಳದಿ ಎಣ್ಣೆ ಸುರಿದ. ಆಪರೇಷನ್ ಮಾಡುವ ಡಾಕ್ಟರಿಗೂ ಅಂಥ ಕೈ ಇರಲಿಕ್ಕಿಲ್ಲ. ಕೀಲಿ ತಿರುಗಿಸಿದ. ದೀಪ ಹಾಗೇ ಉರಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಲಾರಿ ಅಜ್ಜ ಕೋಲೂರಿಕೊಂಡು ಹಾಜರು. ಜೀವಮಾನವಿಡೀ ಲಾರಿ ಓಡಿಸಿ, ಈಗ ಬೀದಿಯವರ ತಲೆಯ ಮೇಲೆ ಓಡಿಸುತ್ತಿದ್ದವನು. "ತೆಗೆದ ಎಣ್ಣೆ ಯಾವ ಬಣ್ಣ ಇತ್ತಯ್ಯಾ?"

"ನೀಲಿ, ಅಜ್ಜ. ಘಮ್ಮಂತಿತ್ತು."

ಅಜ್ಜನ ಮುಖ ಇಳಿಯಿತು. "ಹಳೇದಾದ್ರೆ ಕಪ್ಪಗಿರಬೇಕು. ನೀಲಿ ಅಂದ್ರೆ ಸಿಲಿಕೋನ್ ಜಾತೀದೇ ಇರಬೇಕು. ಅದಕ್ಕೂ ನಿನ್ನ ಎಣ್ಣೆಗೂ ಆಗಿಬರಲ್ಲ. ಪೈಪಿನೊಳಗೆ ಎರಡೂ ಸೇರಿ ಗೋಂದಾಗುತ್ತೆ."

"ಗೋಂದಾದ್ರೆ?"

"ಇಳಿಜಾರಲ್ಲಿ ಪೆಡಲ್ ತುಳಿದ್ರೆ ದಿಂಬು ತುಳಿದ ಹಾಗಿರುತ್ತೆ. ನನ್ನ ಲಾರಿಗೆ ಹಾಗೇ ಆಗಿತ್ತು."

"ಆಮೇಲೆ?"

"ಆಮೇಲೇನು? ನಾನಿದೀನಿ. ಲಾರಿ ಇಲ್ಲ."

ಗಡಿಯಾರದವನ ಅಂಗೈಯಲ್ಲಿ ಬೆವರಿನ ಕೆರೆ ಕಟ್ಟಿತು. ಕಣ್ಣಿನ ಆಸ್ಪತ್ರೆ ಇದ್ದದ್ದು ಗುಡ್ಡದ ಬುಡದಲ್ಲಿ. ದಾರಿಯೆಲ್ಲ ಇಳಿಜಾರು, ಒಂದು ಬದಿಗೆ ಆಳವಾದ ಕಮರಿ. ಮಾವ ಆಗಲೇ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತಾಗಿತ್ತು.

"ಮಾವ, ಇವತ್ತು ಬೇಡ. ನನಗೆ ಹೊಟ್ಟೆನೋವು."

"ಹೊಟ್ಟೇಲಿ ತಾನೆ? ಕಾಲಲ್ಲಿ ಅಲ್ವಲ್ಲ. ಹತ್ತಿ."

ಹೆಂಡತಿ ಕೈಬೀಸಿದ್ದು ಕೊನೆಯ ಸಲವೇ ಎನ್ನಿಸಿತು. ಒಂದನೇ ಗೇರಿನಲ್ಲೇ ಇಳಿಯತೊಡಗಿದ. ತುಳಿದರೆ ದಿಂಬು ಸಿಕ್ಕೀತೆಂಬ ಭಯಕ್ಕೆ ಪೆಡಲಿಗೆ ಕಾಲನ್ನೇ ಸೋಕಿಸಲಿಲ್ಲ. ಸೈಕಲ್ಲುಗಳು ಮುಂದೆ ಹೋದವು. ಕೈಗಾಡಿ ತಳ್ಳುವವನು ಮುಂದೆ ಹೋದ. ಹಿಂದೆ ಬಸವನಹುಳುವೊಂದು ಹಾರ್ನ್ ಹೊಡೆಯುವುದಷ್ಟೇ ಬಾಕಿ. ಪ್ರತಿ ತಿರುವಿನಲ್ಲೂ ಕಮರಿ ಬಾಯಿ ತೆರೆದು ಕಾಯುತ್ತಿತ್ತು. ಕೆಂಪು ದೀಪ ರೆಪ್ಪೆಯನ್ನೂ ಬಡಿಯದೆ ಇವನನ್ನೇ ದಿಟ್ಟಿಸುತ್ತಿತ್ತು.

"ಏನೋ ಸುಟ್ಟ ವಾಸನೆ" ಎಂದರು ಮಾವ.

ಇವನ ಜೀವ ಬಾಯಿಗೆ ಬಂತು. ಗೋಂದು ಹೊತ್ತಿಕೊಂಡಿತು!

ಮಾವ ಅತ್ತಿತ್ತ ನೋಡಿ ಹಣೆ ಬಡಿದುಕೊಂಡರು. "ಹ್ಯಾಂಡ್‌ಬ್ರೇಕು ಅರ್ಧ ಎಳೆದೇ ಇದೆಯಲ್ರೀ! ಕೆಂಪು ದೀಪ ಕಾಣಲ್ವಾ ನಿಮಗೆ?" ಎನ್ನುತ್ತಲೇ ಅದರ ಹಿಡಿಯನ್ನು ಕೆಳಕ್ಕೆ ಒತ್ತಿದರು.

ದೀಪ ಆರಿತು. ಹಿಡಿತ ತಪ್ಪಿದ ಕಾರು ಕಮರಿಯತ್ತ ನುಗ್ಗಿತು. ಗಡಿಯಾರದವನು ಕಣ್ಣುಮುಚ್ಚಿ, ಏಳು ತಲೆಮಾರಿನ ಹಿರಿಯರನ್ನು ನೆನೆದು ಪೆಡಲ್ ತುಳಿದ. ಕಾರು ಮೊಳೆ ಹೊಡೆದಂತೆ ನಿಂತಿತು!

ಬ್ರೇಕಿತ್ತು! ಅವನಿಗೆ ಮಾವನನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು.

"ಗಾಜೆಲ್ಲ ಧೂಳು. ನೀರು ಬಿಡಿ" ಎಂದರು ಮಾವ. ಇವನು ಉತ್ಸಾಹದಿಂದ ಗುಂಡಿ ಒತ್ತಿದ. ಮಾವ ಮಾತು ಮುಂದುವರಿಸಿದರು. "ನಾನೇ ಮೊನ್ನೆ ಡಬ್ಬಿ ತುಂಬ ನೀಲಿ ಸೋಪಿನ ನೀರು ಹಾಕಿಟ್ಟಿದೀನಿ. ಘಮ್ಮಂತಿದೆ."

ನೀಲಿ. ಘಮ್ಮನೆ. ಗುಂಡಿಯಿಂದ ಬೆರಳು ತೆಗೆಯುವಷ್ಟರಲ್ಲಿ ಗಾಜಿನ ಮೇಲೆ ಹಳದಿ ಎಣ್ಣೆ ಚಿಮ್ಮಿ, ಇಳಿದು, ಹೊಸ ಬಣ್ಣದ ಬಾನೆಟ್ಟಿನ ಉದ್ದಕ್ಕೂ ಹರಿದಿತ್ತು.

"ಯಾಕ್ರೀ ಜಿಡ್ಡಾಗಿದೆ?"

"ಸೋಪು ಜಾಸ್ತಿ ಆಗಿದೆ ಮಾವ!"

ಮಾವನನ್ನು ಆಸ್ಪತ್ರೆಯೊಳಗೆ ಕೂರಿಸಿ, ಬಕೆಟ್ಟಿನಲ್ಲಿ ನೀರು ಬೇಡಿ ತಂದು ನೋಡುತ್ತಾನೆ: ಬೇಯಿಸಿದ ಟೊಮೆಟೊ ಸಿಪ್ಪೆಯ ಹಾಗೆ ಬಣ್ಣ ಸುಕ್ಕಾಗಿ ಸುರುಳಿ ಸುತ್ತಿಕೊಂಡಿತ್ತು. ಅಲ್ಲೇ ಕುಸಿದು ಕೂತ.

ಸ್ವಲ್ಪ ಹೊತ್ತಿಗೆ ನರ್ಸಿನ ಕೈಹಿಡಿದು ಮಾವ ಬಂದರು. "ಕಣ್ಣಿಗೆ ಡ್ರಾಪ್ಸ್ ಬಿಟ್ಟಿದಾರೆ ಅಳಿಯಂದ್ರೇ. ಸಂಜೆವರೆಗೆ ಎಲ್ಲ ಮಂಜು ಮಂಜು ಅಂತೆ." ಕಾರಿನತ್ತ ಮುಖ ತಿರುಗಿಸಿ ಅಭಿಮಾನದಿಂದ ನಕ್ಕರು. "ಆದ್ರೂ ನೋಡಿ, ಹೇಗೆ ಹೊಳೀತಿದೆ!"

ಮಾವನನ್ನು ಕಾರಿನೊಳಕ್ಕೆ ತಳ್ಳಿ, ಗಡಿಯಾರದವನು ಗುಡ್ಡ ಹತ್ತಿಸಿದ ಓಟಕ್ಕೆ ಗಾಳಿಯೇ ಏದುಸಿರು ಬಿಟ್ಟಿತು. ಮಾವನ ಕಣ್ಣಿನ ಮಂಜು ಹರಿಯುವ ಮೊದಲು ಮನೆ ಸೇರಿ, ಬಾನೆಟ್ಟಿಗೆ ಹೊದಿಕೆ ಹೊದಿಸಿಬಿಡಬೇಕು!

"ಬರುವಾಗ ಆಮೆ, ಈಗೇನ್ರೀ ಈ ಓಟ? ಬ್ರೇಕ್ ಇದೆ ತಾನೆ?"

"ಇದೆ ಮಾವ" ಎಂದ ಅಳುದನಿಯಲ್ಲಿ. "ಬ್ರೇಕೊಂದು ಚೆನ್ನಾಗಿದೆ."

ಮಾವ ಕಣ್ಣೊರೆಸಿಕೊಂಡು ಗಾಜಿನ ಹತ್ತಿರಕ್ಕೆ ಬಾಗಿದರು.

"ಡಾಕ್ಟರು ಸಂಜೆವರೆಗೆ ಅಂದಿದ್ರು. ನನಗೆ ಈಗ್ಲೇ ಸ್ವಲ್ಪ ಸ್ವಲ್ಪ ಕಾಣ್ತಾ ಇದೆಯಲ್ರೀ..."