ನನ್ನ ಗಂಡನ ಎಡತೊಡೆಗೆ ಅಂಟಿಕೊಂಡಿದ್ದ ಮೀನಿಗೆ ಒಂದು ಬಹಿರಂಗ ಮನವಿ

ಮುಳುಗಿದ ಸರಕು ಹಡಗು, ಬಲಮಗ್ಗುಲು, ತುಕ್ಕು ಹಿಡಿದ ಮೂರನೆಯ ಕಿಟಕಿಯ ಕೆಳಗೆ, ಹದಿನೆಂಟು ಮೀಟರ್ ಆಳದಲ್ಲಿ ವಾಸವಾಗಿರುವ

ಮಾನ್ಯ ಅಂಟುಮೀನಿನವರೇ,

ತಾವೂ ತಮ್ಮ ನೆರೆಹೊರೆಯ ಹವಳಗಳೂ ಕ್ಷೇಮವಾಗಿರುವಿರೆಂದು ನಂಬಿ, ನೀರಿನ ಮೇಲ್ಭಾಗದಿಂದ ಅನಂತ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ನಾನು ಮದುವೆಯಾಗಿ ಹನ್ನೊಂದು ದಿನಗಳಾದ ಹೆಣ್ಣುಮಗಳು. ಮೊನ್ನೆ ಸೋಮವಾರದಿಂದ ಬುಧವಾರದವರೆಗೆ, ಯಾರ ಒಪ್ಪಿಗೆಯನ್ನೂ ಕೇಳದೆ ತಾವು ವಾಸ್ತವ್ಯ ಹೂಡಿದ್ದ ಎಡತೊಡೆ ನನ್ನ ಯಜಮಾನರದು. ಅದು ಖಾಲಿ ಜಾಗವೆಂದು ತಮಗೆ ಯಾರು ಹೇಳಿದರೋ ನನಗೆ ತಿಳಿಯದು.

ಮೊದಲಿಗೆ ತಮ್ಮ ಊರನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಸಮಾಧಾನವಿಲ್ಲ. ಆ ಹಡಗು ಎಷ್ಟು ಚಂದ, ಒಂದು ಮಗ್ಗುಲಿಗೆ ಒರಗಿ ನಿದ್ದೆಹೋದವರ ಹಾಗೆ ಮಲಗಿದೆ. ಅದರ ಕಂಬಿಗಳ ಮೇಲೆಲ್ಲ ಹವಳ, ಅಡುಗೆಮನೆಯ ಕಿಟಕಿಯಿಂದ ಹಳದಿ ಮೀನುಗಳ ಮೆರವಣಿಗೆ. ನನಗೆ ಖುಷಿ ತಡೆಯಲಾಗದೆ ಬಾಯಲ್ಲಿದ್ದ ಉಸಿರಿನ ಕೊಳವೆ ಎರಡು ಸಲ ಜಾರಿತು. ಇಷ್ಟು ಸೊಗಸಾದ ಊರಿನಲ್ಲಿ, ಅಂಟಿಕೊಳ್ಳಲು ನೂರೆಂಟು ಶಾರ್ಕುಗಳೂ ತೊರಕೆ ಮೀನುಗಳೂ ಇರುವಾಗ, ತಾವು ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಗಂಡನನ್ನೇ ಆರಿಸಿಕೊಂಡಿದ್ದೀರೆಂದರೆ ತಮ್ಮ ಅಭಿರುಚಿಗೆ ಮೆಚ್ಚಲೇಬೇಕು. ನಾನೂ ಅದೇ ತಪ್ಪು ಮಾಡಿದವಳು.

ನನ್ನ ದೂರಿನ ಬೇರು, ಮಧುಚಂದ್ರದ ಮೂರು ದಿನ ನಮ್ಮನ್ನು ಮುಳುಗಲು ಒಯ್ದ ದೋಣಿಯ ರಿಜಿಸ್ಟರಿನಲ್ಲಿದೆ. ನೀರಿಗಿಳಿಯುವ ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಇರಬೇಕು, ಇಬ್ಬರೂ ಒಂದು ಕೈಯಳತೆಯೊಳಗೇ ಇರಬೇಕು, ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರು ಕೊಡಬೇಕು ಎಂಬುದು ಅಲ್ಲಿನ ಗೈಡ್ ಮಹಾಶಯರ ನಿಯಮ. ಅವರು ಆ ದಪ್ಪ ಪುಸ್ತಕದಲ್ಲಿ ನನ್ನ ಹೆಸರು, ಯಜಮಾನರ ಹೆಸರು, ನಡುವೆ ಒಂದು ಪುಟ್ಟ ಗೆರೆ ಎಳೆದು ಬರೆದಾಗ ನಾನು ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಮದುವೆಯ ಕಾಗದಪತ್ರಗಳಲ್ಲಿ ಕೂಡ ನಮ್ಮ ಹೆಸರುಗಳು ಅಷ್ಟು ಹತ್ತಿರ ಕುಳಿತಿರಲಿಲ್ಲ. ಆ ಪುಟದ ಫೋಟೋವನ್ನು ನೀರಿಗಿಳಿಯುವ ಮೊದಲೇ ಅಕ್ಕನಿಗೆ ಕಳುಹಿಸಿದ್ದೆ.

ಇಳಿದ ಒಂಬತ್ತನೆಯ ನಿಮಿಷಕ್ಕೆ ತಾವು ದಯಮಾಡಿಸಿದಿರಿ. ರಬ್ಬರ್ ಚಪ್ಪಲಿಯ ಅಟ್ಟೆಯಂತಹ ತಮ್ಮ ನೆತ್ತಿಯನ್ನು ಯಜಮಾನರ ತೊಡೆಗೆ ಒತ್ತಿ, ಹೊಟ್ಟೆ ಮೇಲೆ ಮಾಡಿಕೊಂಡು, ಹುಟ್ಟಿದಂದಿನಿಂದ ಅಲ್ಲೇ ಇದ್ದವರಂತೆ ನೆಲೆಸಿದಿರಿ. ಮುಖವಾಡದ ಗಾಜಿನ ಹಿಂದೆ ಅವರ ಕಣ್ಣು ಅರಳಿದ ಪರಿಯನ್ನು ಏನೆಂದು ಬಣ್ಣಿಸಲಿ. ಮದುವೆಯ ದಿನ ನಾನು ಬಂದು ಪಕ್ಕದಲ್ಲಿ ನಿಂತಾಗ ಅಷ್ಟು ಅರಳಿರಲಿಲ್ಲ. ವಿಡಿಯೊ ಇದೆ, ನಿಲ್ಲಿಸಿ ನಿಲ್ಲಿಸಿ ಹೋಲಿಸಿದ್ದೇನೆ.

ಅಷ್ಟರಲ್ಲಿ ಗೈಡ್ ಎರಡು ತೋರುಬೆರಳುಗಳನ್ನು ಜೋಡಿಸಿ ತೋರಿಸಿದರು. ನಿಮ್ಮ ಜೋಡಿ ಎಲ್ಲಿ ಎಂದು ಅದರ ಅರ್ಥ. ನಾನು ತಕ್ಷಣ ಯಜಮಾನರ ಕಡೆಗೆ ಬೆರಳು ಮಾಡಿದೆ. ಯಜಮಾನರೋ ಆಚೆ ನೋಡಿದರು, ಈಚೆ ನೋಡಿದರು, ಕೆಳಗೆ ನೋಡಿ ತೊಡೆಯ ಮೇಲಿದ್ದ ತಮ್ಮ ಕಡೆಗೆ ಬೆರಳು ಮಾಡಿದರು. ನಾನು ಆ ಕ್ಷಣದಲ್ಲಿ ಒಂದು ನೀಲಿ ನಕ್ಷತ್ರಮೀನಿಗೆ ಮರುಳಾಗಿ ನಾಲ್ಕು ಮಾರು ದೂರ ಹೋಗಿದ್ದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ಆದರೆ ದೋಣಿಗೆ ಹತ್ತಿದ ಮೇಲೆ ಗೈಡ್ ಮಹಾಶಯರು ರಿಜಿಸ್ಟರ್ ತೆರೆದು ನನ್ನ ಹೆಸರಿಗೆ ಅಡ್ಡಗೆರೆ ಹೊಡೆದು, "ಬೇಜಾರ್ ಮಾಡ್ಕೋಬೇಡಿ ಮೇಡಂ, ನಿಯಮ ಅಂದ್ರೆ ನಿಯಮ. ನೀವೆಲ್ಲಿದ್ರಿ, ಅದೆಲ್ಲಿತ್ತು, ನೀವೇ ಹೇಳಿ" ಎಂದು, ಆ ಜಾಗದಲ್ಲಿ 'ಮೀನು-1' ಎಂದು ಬರೆದರು.

ಯಜಮಾನರು ನನ್ನ ಪರ ಒಂದು ಮಾತಾಡಿಯಾರೆಂದು ಕಾದೆ. "ಪಾಪ, ನಂಬ್ಕೊಂಡು ಬಂದಿದೆ ಕಣೇ, ಕಿತ್ತು ಬಿಸಾಕೋಕಾಗುತ್ತಾ" ಎಂದರು. ಅಲ್ಲಿನ ಜೀವಿಗಳನ್ನು ಮುಟ್ಟಬಾರದೆಂಬ ಇನ್ನೊಂದು ನಿಯಮವೂ ಅವರ ಬೆನ್ನಿಗಿತ್ತು. ತಾವು ನಮ್ಮನ್ನು ಮುಟ್ಟಬಾರದೆಂದು ಮಾತ್ರ ಯಾವ ಫಲಕದಲ್ಲೂ ಬರೆದಿಲ್ಲ. ಫೋನಿನಲ್ಲಿ ಅತ್ತೆಯವರ ಬಳಿ ಹೇಳಿಕೊಂಡರೆ ಅವರು ಮೀನು ಊಟಕ್ಕೇನು ಮಾಡುತ್ತದೆಂದು ತಮ್ಮ ಬಗ್ಗೆ ವಿಚಾರಿಸಿಕೊಂಡು, "ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋಮ್ಮ, ನಿನಗೆ ಅವನು ಜೀವನಪೂರ್ತಿ ಇದಾನೆ, ಅದಕ್ಕೆ ಇರೋದು ಮೂರೇ ದಿನ" ಎಂದರು. ಹನ್ನೊಂದು ದಿನಗಳಲ್ಲಿ ನನಗೆ ಸಿಗದ ಸ್ಥಾನ ತಮಗೆ ಒಂದೇ ಫೋನಿನಲ್ಲಿ ಸಿಕ್ಕಿತು; ಅಭಿನಂದನೆಗಳು.

ಎರಡನೆಯ ದಿನ ನನ್ನನ್ನು ನಿವೃತ್ತ ದಂತವೈದ್ಯರೊಬ್ಬರಿಗೆ ಜೋಡಿ ಮಾಡಲಾಯಿತು. ಅವರು ಬಹಳ ಸಜ್ಜನರು. ಮುಕ್ಕಾಲು ಗಂಟೆ ಕಂಡಕಂಡ ಮೀನಿನ ಬಾಯಿಗೆಲ್ಲ ಟಾರ್ಚ್ ಹಿಡಿದು, ಮೇಲೆ ಬಂದ ಮೇಲೆ, "ಆ ಹಾವುಮೀನಿನ ಒಸಡು ಪೂರ್ತಿ ಹೋಗಿದೆಯಮ್ಮ, ಹೇಳಿದ್ರೆ ಕೇಳೋ ಜಾತಿ ಅಲ್ಲ ಅದು" ಎಂದು ಸಂಜೆಯವರೆಗೂ ಕೊರಗಿದರು. ಅತ್ತ ಯಜಮಾನರು ನೀರಿಗಿಳಿದೊಡನೆ ತಾವು ಮತ್ತೆ ಹಾಜರಾಗಿದ್ದಿರಿ; ನೀವಿಬ್ಬರೂ ಹಡಗಿನ ಮೂತಿಯ ಸುತ್ತ ಕೈಯಳತೆಯಲ್ಲ, ಕೂದಲೆಳೆಯ ಅಂತರವೂ ಇಲ್ಲದೆ ವಿಹರಿಸುತ್ತಿದ್ದಿರಿ. ತಮ್ಮ ನೆತ್ತಿಯ ಗೆರೆಗಳು ತೊಡೆಯ ಮೇಲೆ ಕೆಂಪಗೆ ಮೂಡಿದ್ದವು. ಅಳಿಸಿಹೋದಾವೆಂದು ಯಜಮಾನರು ಆ ಜಾಗಕ್ಕೆ ಸೋಪು ಹಚ್ಚಲಿಲ್ಲ. ಊಟಕ್ಕೆ ಕೂತಾಗ ಎಡಗಡೆ ಒಂದು ಗೇಣು ಜಾಗ ಬಿಟ್ಟು ಕೂತರು.

ಆದ್ದರಿಂದ ಬುಧವಾರ, ಕಡೆಯ ಮುಳುಗಿಗೆ ಮುಂಚೆ, ಒಂದು ರಾಜಿಸೂತ್ರವನ್ನು ನಾನು ಮನಸ್ಸಿನಲ್ಲೇ ಸಿದ್ಧಪಡಿಸಿಕೊಂಡಿದ್ದೆ: ಸಮಸಂಖ್ಯೆಯ ನಿಮಿಷಗಳು ತಮಗೆ, ಬೆಸಸಂಖ್ಯೆಯವು ನನಗೆ, ಎಡತೊಡೆ ತಮಗೆ, ಉಳಿದ ಭಾಗಗಳು ನನಗೆ. ಅದನ್ನು ತಮಗೆ ಹೇಗೆ ತಿಳಿಸುವುದೆಂದು ಯೋಚಿಸುತ್ತಿರುವಾಗಲೇ ತಾವು ಅವರನ್ನು ಬಿಟ್ಟು ಈಜಿ ಬಂದು ನನ್ನ ಬಲಭುಜಕ್ಕೆ ಅಂಟಿಕೊಂಡಿರಿ.

ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಯಾರೋ ಗಟ್ಟಿಯಾಗಿ ಭುಜ ಹಿಡಿದು ಭಯಪಡಬೇಡ ಎಂದಂತಿತ್ತು. ಯಜಮಾನರು ತಮ್ಮ ಹಿಂದೆಯೇ ಬಂದರು, ನನ್ನ ಕೈ ಹಿಡಿದರು, ಇಪ್ಪತ್ತಾರು ನಿಮಿಷ ಬಿಡಲಿಲ್ಲ. ಗೈಡ್ ಮತ್ತೆ ಎರಡು ಬೆರಳು ಜೋಡಿಸಿ ತೋರಿಸಿದಾಗ, ಯಜಮಾನರು ಒಂದಿಷ್ಟೂ ತಡಮಾಡದೆ ನನ್ನ ಕಡೆಗೆ ಬೆರಳು ಮಾಡಿದರು. ರಿಜಿಸ್ಟರಿನಲ್ಲಿ 'ಮೀನು-1' ಹೋಗಿ ನನ್ನ ಹೆಸರು ವಾಪಸು ಬಂತು. ದಂತವೈದ್ಯರು ಚಪ್ಪಾಳೆ ತಟ್ಟಿದರು.

ಆದರೆ ಮಾನ್ಯರೇ, ತಾವು ಆಗ ನನ್ನ ಭುಜದ ಮೇಲಿದ್ದಿರಿ, ನನ್ನ ಮೂಗಿನಿಂದ ನಾಲ್ಕೇ ಬೆರಳು ಆಚೆ. ನನ್ನ ಮುಖವಾಡಕ್ಕೆ ಮಂಜು ಹಿಡಿದಿತ್ತು. ಬೆರಳು ಬಂದದ್ದು ಕಂಡಿತು, ಎಲ್ಲಿ ನಿಂತಿತೆಂದು ಕಾಣಲಿಲ್ಲ. ದೋಣಿಯಲ್ಲಿ ಕೇಳಿದೆ. "ನಿನ್ನನ್ನೇ ಕಣೇ, ಇನ್ಯಾರನ್ನ" ಎಂದರು. ಹಾಗೆನ್ನುವ ಮೊದಲು ಮುಖ ತಿರುಗಿಸಿ ಮೂರು ಸಲ ಮೂಗು ಸೀಟಿದರು. ಮೂಗಿನಲ್ಲಿ ಉಪ್ಪುನೀರಿತ್ತು ಎನ್ನುತ್ತಾರೆ, ಇದ್ದಿರಲೂಬಹುದು.

ಈ ಪ್ರಕರಣಕ್ಕೆ ತಾವೊಬ್ಬರೇ ಪ್ರತ್ಯಕ್ಷ ಸಾಕ್ಷಿ. ಆದ್ದರಿಂದ ಆ ಬೆರಳು ಯಾರ ಕಡೆಗಿತ್ತೆಂದು ಒಂದು ಲಿಖಿತ ಹೇಳಿಕೆಯನ್ನು, ತಮ್ಮ ನೆತ್ತಿಯ ಮುದ್ರೆ ಒತ್ತಿ, ಒದ್ದೆಯಾಗದಂತೆ ಕಳುಹಿಸಿಕೊಡಬೇಕಾಗಿ ಕೈಮುಗಿದು ಪ್ರಾರ್ಥಿಸುತ್ತೇನೆ. ತಾವು ಸತ್ಯವಂತರೆಂದು ನಾನು ಬಲ್ಲೆ. ಆದರೂ ಆ ಬೆರಳು ತಮ್ಮ ಕಡೆಗೇ ಇದ್ದಿದ್ದರೆ, ದಯವಿಟ್ಟು ಸುಳ್ಳು ಬರೆಯಿರಿ.

ಈಗ ಸಂಪೂರ್ಣ ಒಣಗಿರುವ, ಆದರೂ ತಮ್ಮ ವಿಶ್ವಾಸಿಯೇ ಆಗಿರುವ,
ಒಬ್ಬ ಹೊಸ ಹೆಂಡತಿ

ತಾ.ಕ.: ಕಡೆಯ ನಿಮಿಷದಲ್ಲಿ ತಾವು ಕೊಂಚವೂ ಹಿಂದುಮುಂದು ನೋಡದೆ ದಾರಿಹೋಕ ಆಮೆಯೊಂದರ ಹೊಟ್ಟೆಗೆ ಅಂಟಿಕೊಂಡು ಹೊರಟುಹೋದದ್ದನ್ನು ನಾವಿಬ್ಬರೂ ನೋಡಿದೆವು. ಆ ಆಮೆಯವರಿಗೆ ಸಂಸಾರವಿದ್ದರೆ ಅವರ ಮನೆಯವರ ವಿಳಾಸ ತಿಳಿಸಿ. ಈ ಪತ್ರದ ಒಂದು ಪ್ರತಿಯನ್ನು ಅವರಿಗೂ ಕಳುಹಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.