ಕೈ ಅತ್ತಿಗೆಯದು, ಕಿವಿ ನನ್ನದು

ಕೀಂ... ಕೀಂ... ಕೀಂ...

ಈಗಲೂ ಯಾರ ಮನೆಯಲ್ಲಾದರೂ ಮೈಕ್ರೋವೇವ್ ಕೂಗಿದರೆ ಸಾಕು, ನನ್ನ ಬಲಗೈಯ ಬೆರಳುಗಳು ತಾವಾಗಿಯೇ ಎಣಿಸತೊಡಗುತ್ತವೆ. ಒಂದು, ಎರಡು, ಮೂರು... ಉದ್ದವೋ, ಗಿಡ್ಡವೋ? ನಿಂತಿತೋ, ಇನ್ನೂ ಉಂಟೋ? ಎದುರಿಗೆ ಕೂತವರು ಪಾಪ, ಈ ಮುದುಕಿಗೆ ಕೈ ನಡುಕ ಶುರುವಾಯಿತು ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ! ಇದು ಕಾಯಿಲೆಯಲ್ಲ, ನನ್ನ ಅತ್ತಿಗೆ ಕೊಟ್ಟ ಟ್ರೈನಿಂಗ್.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. "ಇಲ್ಲ" ಎಂಬ ಮಾತು ಅವರ ಕಿವಿಗೆ ಜೀವಮಾನದಲ್ಲಿ ಒಮ್ಮೆಯೂ ಬಿದ್ದದ್ದಿಲ್ಲ. ಅರುವತ್ತೈದರವರೆಗೆ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಆಮೇಲೆ ಕಿವಿಯೇ ಇರಲಿಲ್ಲ!

ಕಾರ್ಕಳದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಮೂರು ವರ್ಷ ಆಪರೇಟರ್ ಆಗಿದ್ದವರು ಅವರು. ತಲೆಗೆ ಹೆಡ್‌ಫೋನು, ಎರಡೂ ಕೈಯಲ್ಲಿ ವಯರು, ಬಾಯಲ್ಲಿ "ನಂಬರ್ ಪ್ಲೀಸ್". ಯಾರ ಮನೆಯ ಫೋನು ಎಂಬುದನ್ನು ಆಚೆಯವರು ಹಲೋ ಎನ್ನುವ ಮೊದಲೇ, ಉಸಿರಿನಲ್ಲೇ ಹೇಳುತ್ತಿದ್ದರಂತೆ. ಮದುವೆ ಯಾಕೆ ಆಗಲಿಲ್ಲ ಎಂದು ನಾನೊಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಬಂದವರಿಗೆಲ್ಲ ಲೈನ್ ಎಂಗೇಜ್ ಇತ್ತು ಮಾರಾಯ್ತಿ" ಎಂದಿದ್ದರು. ರಿಟೈರ್ ಆದ ಮೇಲೆ ಕಾಪು ಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ರಾಣಿಯ ಹಾಗಿದ್ದರು.

ಆ ಕಿವಿ ಮೆಲ್ಲಮೆಲ್ಲನೆ ಹೋಯಿತು. ಎಡಗಿವಿಗೆ ಬಾಯಿ ಹಚ್ಚಿ ಕೂಗಿದರೆ ಸ್ವಲ್ಪ ದಾಟುತ್ತಿತ್ತು; ಬಾಕಿಯೆಲ್ಲ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಆದರೆ ಒಪ್ಪಿಕೊಳ್ಳಬೇಕಲ್ಲ! ಫೋನು ಬಂದರೆ ಆಚೆಯವರಿಗೆ ಉಸಿರೆತ್ತಲು ಬಿಡದೆ ಐದು ನಿಮಿಷ ತಾವೇ ಮಾತಾಡಿ "ಆಯ್ತು, ಇಡ್ತೇನೆ" ಎಂದು ಇಟ್ಟುಬಿಡುವುದು. ಕೇಳಿಸದವರು ಏನು ಮಾಡಬೇಕು? ಕೇಳುವ ಸಂದರ್ಭವೇ ಬಾರದ ಹಾಗೆ ನೋಡಿಕೊಳ್ಳಬೇಕು. ವೆರಿ ಸಿಂಪಲ್!

ನನ್ನವರು ಅಕ್ಕನ ಎಡಗಿವಿಯ ಹತ್ತಿರ ಕೂತು ಎಷ್ಟೋ ಸಲ ಕೂಗಿದ್ದರು. "ಅಕ್ಕಾ, ನಮ್ಮ ಮಣಿಪಾಲದಲ್ಲೇ ಕಿವಿಯ ಡಾಕ್ಟ್ರು ಉಂಟು. ಒಂದು ಹಿಯರಿಂಗ್ ಏಡ್ ಹಾಕಿಸಿಕೊಂಡರೆ ಎಂತ ನಷ್ಟ?"

"ಮೂವತ್ತಮೂರು ವರ್ಷ ಕಿವಿಗೆ ಯಂತ್ರ ಸಿಕ್ಕಿಸಿಕೊಂಡೇ ಕೂತದ್ದು ನಾನು! ರಿಟೈರ್ ಆದದ್ದು ಬರೀ ನಾನಾ? ಕಿವಿಯೂ ಆಗಿದೆ. ಇನ್ನು ಸಾಯುವವರೆಗೆ ನನ್ನ ಕಿವಿಗೆ ಏನೂ ಸಿಕ್ಕಿಸುವುದಿಲ್ಲ."

ಹೀಗಿರುವಾಗ ಅವರಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಇ-ಮೇಲ್ ಎಂಬುದಕ್ಕೆ ಕಿವಿ ಬೇಡ ಎಂದು ಯಾವುದೋ ಪೇಪರಿನಲ್ಲಿ ಓದಿ ಗುಟ್ಟಾಗಿ ಲೆಕ್ಕ ಹಾಕಿದ್ದರು. ಡ್ಯುಯಲ್ ಕೋರ್ ಪ್ರೊಸೆಸರ್ ನಮ್ಮ ಕಡೆಗೆ ಬಂದ ಹೊಸತು ಅದು. ನಾವು ಮೂವರೂ ಉಡುಪಿಯ ಒಂದು ಅಂಗಡಿಗೆ ಹೋದೆವು. ಒಂದೇ ತಲೆಯಲ್ಲಿ ಎರಡು ಮಿದುಳು, ಒಟ್ಟಿಗೇ ಎರಡು ಕೆಲಸ ಮಾಡ್ತದೆ ಎಂದು ಅಂಗಡಿಯವರು ಭಕ್ತಿಯಿಂದ ವಿವರಿಸಿದರು.

ಅವರ ತುಟಿಯನ್ನೇ ನೋಡುತ್ತಿದ್ದ ಅತ್ತಿಗೆ ಹೇಳಿದರು. "ಅದರಲ್ಲಿ ಎಂತ ಹೊಸತು? ಈ ಕಿವಿಯಲ್ಲಿ ಬೊಂಬಾಯಿ, ಈ ಕಿವಿಯಲ್ಲಿ ಮದ್ರಾಸು ಇಟ್ಟುಕೊಂಡು ನಾನು ಸ್ವೆಟರ್ ಹೆಣೆದಿದ್ದೇನೆ! ಇರಲಿ, ಬಿಡಿಬಿಡಿಯಾಗಿ ಕೊಡಿ. ನಾನೇ ಜೋಡಿಸ್ತೇನೆ."

"ಅಮ್ಮಾ, ರೆಡಿಮೇಡ್ ಉಂಟಲ್ಲ?"

"ಯಾರೋ ಹೊಲಿದಿಟ್ಟ ರವಿಕೆ ನನಗೆ ಇಂದಿನವರೆಗೆ ಸರಿಯಾದದ್ದಿಲ್ಲ."

ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಹಾಗಲ್ಲಮ್ಮ. ಜೋಡಿಸುವಾಗ ಎಲ್ಲಾದರೂ ತಪ್ಪಿದರೆ ಸ್ಕ್ರೀನ್ ಬರುವುದಿಲ್ಲ. ಮದರ್‌ಬೋರ್ಡು ಬೀಪ್ ಬೀಪ್ ಅಂತ ಸದ್ದು ಮಾಡ್ತದೆ. ಎಷ್ಟು ಸಲ, ಉದ್ದವಾ ಗಿಡ್ಡವಾ ಅಂತ ಕೇಳಿಯೇ ಎಲ್ಲಿ ತಪ್ಪಿದ್ದೂಂತ ಕಂಡುಹಿಡಿಯಬೇಕು."

ನನ್ನವರು ಜೋರಾಗಿ ನಕ್ಕುಬಿಟ್ಟರು. "ಕೇಳಿಯೇ ಕಂಡುಹಿಡಿಯಬೇಕಂತೆ ಅಕ್ಕಾ!"

ನಗುವಿಗೆ ಕಿವಿ ಬೇಕಾ? ಕಣ್ಣು ಸಾಕು. ಅತ್ತಿಗೆಯ ಮುಖ ಕೆಂಪಾಯಿತು. ಅಲ್ಲೇ ಅಂಗಡಿಯ ಕೌಂಟರಿನ ಮೇಲೆ ಪಂಥ ಬಿತ್ತು. ಆಯುಧ ಪೂಜೆಯ ಒಳಗೆ, ಬೇರೆ ಯಾರ ಕೈಯೂ ತಾಗದೆ ಕಂಪ್ಯೂಟರ್ ಸ್ಟಾರ್ಟ್ ಆದರೆ ನನ್ನವರು ಹಿಯರಿಂಗ್ ಏಡ್ ಎಂಬ ಶಬ್ದವನ್ನೇ ಎತ್ತಬಾರದು. ಆಗದಿದ್ದರೆ ಅತ್ತಿಗೆ ಮಾತಿಲ್ಲದೆ ಡಾಕ್ಟರರಲ್ಲಿಗೆ ಬಂದು, ಕೊಟ್ಟದ್ದನ್ನು ಸಿಕ್ಕಿಸಿಕೊಳ್ಳಬೇಕು.

ಮೂರನೆಯ ದಿನ ನನಗೆ ಫೋನು ಬಂತು. "ನಾಳೆ ಹತ್ತು ಗಂಟೆಗೆ ಕಾಪುವಿಗೆ ಬಾ. ನನ್ನ ತಮ್ಮನಿಗೆ ಹೇಳಬೇಡ. ನೀನು ಕಾನ್ವೆಂಟಿನಲ್ಲಿ ಪಿಯಾನೋ ಕಲಿತವಳಲ್ವಾ? ಉದ್ದ ಸ್ವರ ಯಾವುದು, ಗಿಡ್ಡ ಸ್ವರ ಯಾವುದು ಗೊತ್ತುಂಟಲ್ಲ? ಪಂಥದಲ್ಲಿ ಅವನು ಕೈ ಅಂತ ಹೇಳಿದ್ದು, ಕಿವಿ ಅಂತ ಹೇಳಲಿಲ್ಲ. ಆಯ್ತು, ಇಡ್ತೇನೆ."

ನಾನು ಕಲಿತ ಪಿಯಾನೋ! ಮದುವೆಯ ಮಾತುಕತೆಯ ದಿನ "ಹುಡುಗಿ ಪಿಯಾನೋ ನುಡಿಸ್ತಾಳೆ" ಎಂದು ನಮ್ಮ ತಂದೆ ಒಮ್ಮೆ ಹೇಳಿದ್ದು ಬಿಟ್ಟರೆ ಅದನ್ನು ಯಾರೂ ಮತ್ತೆ ಕೇಳಿದವರಿಲ್ಲ. ನಲವತ್ತು ವರ್ಷಗಳ ಮೇಲೆ ಒಬ್ಬರಿಗೆ ಅದು ನೆನಪಿದೆಯಲ್ಲ ಎಂದು ನನಗೆ ಕಣ್ಣು ಮಂಜಾಯಿತು. ಗಂಡನಿಗೆ "ಓಲ್ಡ್ ಸ್ಟೂಡೆಂಟ್ಸ್ ಮೀಟಿಂಗ್" ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ನಮ್ಮ ಮದರ್ ಸುಪೀರಿಯರ್ ಇದ್ದಿದ್ದರೆ ಮಂಡಿಯೂರಿಸುತ್ತಿದ್ದರು.

ಹೋಗಿ ನೋಡಿದರೆ ಅತ್ತಿಗೆಯ ಮನೆಯಲ್ಲಿ ಮಡಿ! ಹುಟ್ಟಿದಾಗಿನಿಂದ ಮಡಿ ಎಂದರೆ ಮೂಗು ಮುರಿದವರು ಈಗ ತಲೆಗೆ ಸ್ನಾನ ಮಾಡಿ, ಒಗೆದ ಹತ್ತಿಯ ಸೀರೆ ಉಟ್ಟು, ಮರದ ಮೇಜಿನ ಮುಂದೆ ನಿಂತಿದ್ದಾರೆ. ನಾನು ಒಳಗೆ ಕಾಲಿಡುವಷ್ಟರಲ್ಲಿ ಕೂಗಿದರು.

"ನಿಲ್ಲು! ನೈಲಾನ್ ಸೀರೆಯವಳು ಬಾಗಿಲಾಚೆ! ನಿನ್ನ ಮೈಯಲ್ಲಿ ಸ್ಟ್ಯಾಟಿಕ್ ಕರೆಂಟು ಉಂಟು. ಮುಟ್ಟಿದರೆ ಬೋರ್ಡು ಸತ್ತೇಹೋಗ್ತದೆ ಅಂತ ಅದರೊಟ್ಟಿಗೆ ಬಂದ ಪುಸ್ತಕದಲ್ಲಿ ಬರೆದಿದೆ."

ಬೋರ್ಡು ಮುಟ್ಟುವ ಮೊದಲು ಒಂದೊಂದು ಸಲವೂ, ಮೈಯ ಕರೆಂಟು ಇಳಿಯಲೆಂದು, ಕಿಟಕಿಯ ಕಬ್ಬಿಣದ ಸರಳು ಮುಟ್ಟಿ ಬರುತ್ತಿದ್ದರು. ಮಣಿಪಾಲದಿಂದ ಬಂದ ನಾನು, ಐ ಟೆಲ್ ಯೂ, ಬ್ಯಾಂಕ್ ಮ್ಯಾನೇಜರರ ಹೆಂಡತಿ, ಹೊಸ್ತಿಲಿನಾಚೆ ಸ್ಟೂಲಿನ ಮೇಲೆ ಮೈಲಿಗೆಯವಳಾಗಿ ಕೂತೆ. ನಮ್ಮ ಸಂಕೇತ ಹೀಗೆ: ಉದ್ದ ಬೀಪಿಗೆ ಚಾಚಿದ ಅಂಗೈ, ಗಿಡ್ಡ ಬೀಪಿಗೆ ಎತ್ತಿದ ಬೆರಳು. ಪುಸ್ತಕದ ಕೊನೆಯ ಪುಟದಲ್ಲಿ ಅರ್ಥಗಳ ಪಟ್ಟಿ ಇತ್ತು. ಒಂದೇ ಒಂದು ಗಿಡ್ಡ ಬೀಪ್ ಎಂದರೆ "ಎಲ್ಲ ಸರಿ ಉಂಟು".

ಪ್ರೊಸೆಸರಿನ ಮೇಲೆ ಬಿಳಿಯ ಪೇಸ್ಟನ್ನು ಗಂಧ ಹಚ್ಚಿದ ಹಾಗೆ ಹಚ್ಚಿ, ಮೇಲೆ ಫ್ಯಾನು ಕೂರಿಸಿ, ಮೆಮೊರಿಯ ಪಟ್ಟಿ ಸಿಕ್ಕಿಸಿ ಸ್ವಿಚ್ ಹಾಕಿದರು.

ಕೀಂ—! ಕೀಂ—! ಕೀಂ—! ನಿಲ್ಲುವ ಲಕ್ಷಣವೇ ಇಲ್ಲ. ಅಂಗೈ ಚಾಚಿ ಚಾಚಿ ನನಗೆ ಸಾಕಾಯಿತು.

"ಎಷ್ಟು ಮಾರಾಯ್ತಿ? ಟಾಟಾ ಮಾಡ್ತಿದ್ದೀಯಾ?"

ಪುಸ್ತಕದ ಪಟ್ಟಿ ನೋಡಿದರು. ಮೆಮೊರಿ ಸರಿಯಾಗಿ ಕೂತಿಲ್ಲ. ಎರಡೂ ತುದಿಯ ಕೊಂಡಿ "ಕಟ್" ಎನ್ನುವವರೆಗೆ ಒತ್ತಬೇಕಂತೆ. ಒತ್ತುವವರಿಗೆ ಆ "ಕಟ್" ಕೇಳಿಸದಿದ್ದರೆ? ಅವರು ಒತ್ತಿದರು, ಬಾಗಿಲಾಚೆಯಿಂದ ನಾನು ಬೆರಳೆತ್ತಿದೆ. ಇನ್ನೊಂದು ತುದಿ ಒತ್ತಿದರು, ಎತ್ತಿದೆ. ಅಂದು ಮೂರ್ಛೆ ಹೋದ ಸದ್ದು ಮರುದಿನ ಬೇರೆ ರಾಗದಲ್ಲಿ ಎದ್ದಿತು. ಒಂದು ಉದ್ದ, ಎರಡು ಗಿಡ್ಡ. ಅದು ಡಿಸ್‌ಪ್ಲೇ ಕಾರ್ಡಿನ ದೂರು. ಅದನ್ನೂ ತೆಗೆದು ಸರಿಯಾಗಿ ಕೂರಿಸಿದರು.

ಆಮೇಲೆ ಬಂತು ನೋಡಿ, ಮೌನ. ಏನೋ ಅಂದ ಹೆಚ್ಚಿಸಲು ಹೋಗಿ ಅತ್ತಿಗೆ ಎಲ್ಲ ವಯರುಗಳನ್ನೂ ಬಿಚ್ಚಿ ಸ್ವಿಚ್‌ಬೋರ್ಡಿನ ಹಾಗೆ ಸಾಲಾಗಿ ಕಟ್ಟಿದ್ದರು. ಈಗ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಸದ್ದು ಮಾತ್ರ ಇಲ್ಲ. ನಾನು ಕೈಯಲ್ಲಾಡಿಸಿದೆ.

"ಸರಿಯಾಗಿ ಕೇಳು!"

"ಇಲ್ಲ ಅತ್ತಿಗೇ, ಸದ್ದೇ ಇಲ್ಲ!"

"ನಿನಗೆ ಕಿವಿ ಮಂದ ಆಗಿದೆ. ಮಣಿಪಾಲದಲ್ಲಿ ಒಳ್ಳೆಯ ಡಾಕ್ಟ್ರು ಉಂಟಂತೆ, ಹೋಗಿ ತೋರಿಸು!"

ಯಾರು ಯಾರಿಗೆ ಹೇಳುವ ಮಾತು ಸ್ವಾಮೀ ಇದು! ನನಗೂ ರೇಗಿತು. "ನಾನಿನ್ನು ಬರುವುದಿಲ್ಲ" ಎಂದೆ, ತುಟಿಯನ್ನು ದೊಡ್ಡದು ಮಾಡಿ, ಅಕ್ಷರ ಅಕ್ಷರ ಬಿಡಿಸಿ. ಎದ್ದು ಬಸ್ಸು ಹತ್ತಿದೆ. ಎರಡು ದಿನ ಫೋನಿಲ್ಲ. ಮೂರನೆಯ ದಿನ ಬಂತು. "ಪ್ರೊಸೆಸರಿಗೇಂತ ಬೇರೆಯೇ ಒಂದು ನಾಲ್ಕು ತೂತಿನ ಕರೆಂಟಿನ ಪ್ಲಗ್ ಉಂಟಂತೆ. ಅದು ಹಿಂದೆ ನೇತಾಡುತ್ತಾ ಇತ್ತು. ಹೊಟ್ಟೆಗೆ ಹಾಕದೆ ಹಾಡು ಅಂದರೆ ಯಾರು ಹಾಡ್ತಾರೆ? ಇವತ್ತು ಗೋಳಿಬಜೆ ಮಾಡಿದ್ದೇನೆ. ಇಡ್ತೇನೆ." ಸಾರಿ ಎಂಬ ಶಬ್ದ ಅವರ ಎಕ್ಸ್‌ಚೇಂಜಿನಲ್ಲಿ ಇರಲಿಲ್ಲ. ಗೋಳಿಬಜೆ ಇತ್ತು. ಹೋದೆ.

ಸ್ವಿಚ್ ಹಾಕಿದರು. ಹೊಸ್ತಿಲಿನಾಚೆ ನಾನು ಉಸಿರು ಹಿಡಿದೆ.

ಕೀಂ.

ಒಂದು. ಗಿಡ್ಡ. ಮುಗಿಯಿತು. ನಾನು ಬೆರಳೆತ್ತಿದೆ. ಅವರು ಇನ್ನೂ ಕಾದರು, ನಾನು ಎರಡನೆಯ ಬೆರಳು ಎತ್ತುತ್ತೇನೋ ಎಂದು. ಎತ್ತಲಿಲ್ಲ. ಸ್ಕ್ರೀನಿನಲ್ಲಿ ಅಕ್ಷರ ಬಂತು. ಅತ್ತಿಗೆ ಮಡಿಯನ್ನೆಲ್ಲ ಮರೆತು ಬಂದು ನನ್ನ ನೈಲಾನ್ ಸೀರೆಯ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಆಯುಧ ಪೂಜೆಯ ಬೆಳಿಗ್ಗೆ ನನ್ನವರು ಬಂದರು. ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಅತ್ತಿಗೆ ಹಾಕಿರಲೇ ಇಲ್ಲ. ಒಲೆ ಉರಿಯುವುದು ಕಣ್ಣಿಗೆ ಕಾಣಬೇಕು ಎಂಬುದು ಅವರ ವಾದ. ಕುಂಕುಮ ಹಚ್ಚಿ, ಎರಡು ಚೆಂಡು ಶಂಕರಪುರ ಮಲ್ಲಿಗೆಯನ್ನು ಮೇಲಿನಿಂದ ಇಳಿಬಿಟ್ಟು, ಕರ್ಪೂರ ಬೆಳಗಿಸಿ, ತಮ್ಮನನ್ನು ಕೂರಿಸಿ ಸ್ವಿಚ್ ಹಾಕಿದರು. ಕೀಂ. ಸ್ಕ್ರೀನು ಬೆಳಗಿತು. ಅತ್ತಿಗೆ ಎರಡೂ ಕೈ ಸೊಂಟದ ಮೇಲಿಟ್ಟು ನಿಂತರು.

"ಈಗ ಹೇಳು ನೋಡುವ, ಯಾರಿಗೆ ಕಿವಿ ಉಂಟು, ಯಾರಿಗೆ ಇಲ್ಲ ಅಂತ!"

ಅಷ್ಟರಲ್ಲಿ ಹೂವಿನ ಮಾಲೆ ಜಾರಿತು. ಹೂ ಕಟ್ಟಿದ ಬಾಳೆಯ ನಾರು ಪ್ರೊಸೆಸರಿನ ಫ್ಯಾನಿಗೆ ಸುತ್ತಿಕೊಂಡಿತು. ಫ್ಯಾನು ನಿಂತಿತು. ಸ್ವಲ್ಪ ಹೊತ್ತಿಗೆ ಮದರ್‌ಬೋರ್ಡು ಬಾಯಿಬಿಟ್ಟು ಕಿರುಚತೊಡಗಿತು. ಕೀಂ-ಕೂಂ-ಕೀಂ-ಕೂಂ, ಆಂಬುಲೆನ್ಸಿನ ಹಾಗೆ! ಕೆಳಗಿನ ಅಂಗಡಿಯವರು ಹೊರಗೆ ಬಂದು ಮೇಲೆ ನೋಡಿದರು. ಇಡೀ ಕಾಪು ಪೇಟೆಗೆ ಕೇಳಿಸುವ ಆ ಸದ್ದಿನ ಪಕ್ಕದಲ್ಲೇ ಅತ್ತಿಗೆ ಗೆದ್ದ ನಗುವಿನಲ್ಲಿ ನಿಂತಿದ್ದರು. ಅವರೊಬ್ಬರಿಗೆ ಕೇಳಿಸುತ್ತಿರಲಿಲ್ಲ.

ನನ್ನವರ ಮುಖದಲ್ಲಿ ನಗುವಿರಲಿಲ್ಲ. ನಾನು ಕೈಯೆತ್ತಿದರೆ ಇಷ್ಟು ದಿನದ ಗುಟ್ಟು ರಟ್ಟಾಗುತ್ತದೆ. ಎತ್ತದಿದ್ದರೆ ಪ್ರೊಸೆಸರ್ ಸುಡುತ್ತದೆ. ಅತ್ತಿಗೆಯ ಕಣ್ಣು ಅಭ್ಯಾಸದಂತೆ ನನ್ನ ಕಡೆಗೆ ಹೊರಳಿತು. ನಾನು ನನ್ನ ಮುಡಿಯ ಮಲ್ಲಿಗೆಯನ್ನು ಸರಕ್ಕನೆ ಕಿತ್ತು ತೆಗೆದೆ.

ಒಂದೇ ಕ್ಷಣ. ಅತ್ತಿಗೆ ತಿರುಗಿದರು, ಸ್ವಿಚ್ ಆರಿಸಿದರು, ಕಿಟಕಿಯ ಸರಳು ಮುಟ್ಟಿ ಬಂದರು, ಫ್ಯಾನಿನಿಂದ ನಾರನ್ನು ಎಳೆ ಎಳೆಯಾಗಿ ಬಿಡಿಸಿದರು. ಮತ್ತೆ ಸ್ವಿಚ್. ಕೀಂ. ನಾನು ಗಂಡನ ಮುಂದೆಯೇ ಬೆರಳೆತ್ತಿದೆ. ಒಂದು.

ನನ್ನವರು ಆ ಬೆರಳನ್ನು ನೋಡಿದರು, ಅಕ್ಕನನ್ನು ನೋಡಿದರು. "ಓಲ್ಡ್ ಸ್ಟೂಡೆಂಟ್ಸ್ ಮೀಟಿಂಗ್!" ಎಂದರು.

"ನೀನು ಕೈ ಅಂತ ಹೇಳಿದ್ದು" ಎಂದರು ಅತ್ತಿಗೆ, ಗಲ್ಲ ಮುಂದೆ ಮಾಡಿ. "ಕಿವಿ ಅಂತ ಹೇಳಲಿಲ್ಲ."

ನನ್ನವರು ಮಾತಿಗೆ ತಪ್ಪಲಿಲ್ಲ. ಹಿಯರಿಂಗ್ ಏಡ್ ಎಂಬ ಶಬ್ದ ನಮ್ಮ ಮನೆಯಲ್ಲಿ ಮತ್ತೆ ಹುಟ್ಟಲಿಲ್ಲ. ಟೈಪಿಂಗ್ ಎಂದರೆ ಕ್ಲಾರ್ಕುಗಳ ಕೆಲಸ ಎನ್ನುತ್ತಿದ್ದ ಆ ಮನುಷ್ಯ ಒಂದು ವಾರ ಮಣಿಪಾಲದ ಸೈಬರ್ ಕೆಫೆಯಲ್ಲಿ ಕೂತು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಅಕ್ಕನಿಗೆ ಮೊದಲ ಇ-ಮೇಲ್ ಕಳಿಸಿದರು: "ಅಕ್ಕಾ, ಊಟ ಆಯಿತಾ?" ಅತ್ತಿಗೆಯ ಉತ್ತರ ಎರಡು ಪುಟ ಇತ್ತು. ಕೊನೆಯಲ್ಲಿ "ಆಯ್ತು, ಇಡ್ತೇನೆ" ಎಂದು ಬರೆದಿದ್ದರು.

ಎರಡು ವರ್ಷ ಆ ಕಂಪ್ಯೂಟರ್ ಓಡಿತು. ಆಮೇಲೆ ಅತ್ತಿಗೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಒಂದು ಸಂಜೆ ನಾನು ಹೋಗಿ, ಎಡಗಿವಿಗೆ ಬಾಯಿ ಹಚ್ಚಿ, ನಾಳೆ ಮಣಿಪಾಲಕ್ಕೆ ಬನ್ನಿ, ಹಾರ್ಟ್ ತೋರಿಸುವ ಎಂದು ಕೂಗಿದೆ. ಇಂಗ್ಲಿಷಿನಲ್ಲಿ ಬೇಡಿದೆ, ತುಳುವಿನಲ್ಲಿ ಬೈದೆ, ಕೊನೆಗೆ ಅತ್ತುಬಿಟ್ಟೆ. "ಸುಮ್ಮನೆ ಹೋಗು ಮಾರಾಯ್ತಿ, ಬಸ್ಸು ತಪ್ಪುತ್ತದೆ" ಎಂದು ನನ್ನನ್ನು ಮೆಟ್ಟಿಲಿಳಿಸಿ ಕಳಿಸಿದರು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮೇಲೆ ನೋಡಿದರೆ ಬಾಲ್ಕನಿಯಲ್ಲಿ ಅತ್ತಿಗೆ, ಹತ್ತಿಯ ಸೀರೆಯಲ್ಲಿ, ಒಂದು ಕೈಯಲ್ಲಿ ಕಬ್ಬಿಣದ ಸರಳು ಹಿಡಿದುಕೊಂಡು ಮೆಲ್ಲ ಉಸಿರಾಡುತ್ತಿದ್ದರು. ಹೇಗಿದೆ ಈಗ ಎಂದು ನಾನು ತುಟಿಯಲ್ಲೇ ಕೇಳಿದೆ. ಅಷ್ಟೂ ದಿನ ಎಣಿಸಿ ಹೇಳಿದವಳು ನಾನು. ಅವರು ನನಗೆ ಎಣಿಸಿ ಹೇಳಿದ್ದು ಅದೊಂದೇ ಸಲ. ಸರಳಿನಿಂದ ಕೈ ಬಿಡಿಸಿ, ಗಲ್ಲ ಮುಂದೆ ಮಾಡಿ, ಒಂದು ಬೆರಳು ಎತ್ತಿದರು. ಒಂದೇ ಒಂದು.

ಲೆಕ್ಕ ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಉದ್ಯಾವರದ ಕಡೆಗೆ ತಿರುಗುವವರೆಗೂ ಅವರು ಆ ಬೆರಳನ್ನು ಇಳಿಸಲಿಲ್ಲ. ನಾನೂ ನನ್ನದನ್ನು ಎತ್ತಿ ಹಿಡಿದೇ ಇದ್ದೆ.