ಕಪ್ಪೆ ಬಾಗಿಲು ದಾಟಿದ ಹೊತ್ತು

ಚಿಂತೆ ಬಂದ ಮೇಲೆ ಚಿಂತೆ ಮಾಡುವವರು ಪುಣ್ಯವಂತರು. ನಾನು ಅಷ್ಟು ಹೊತ್ತು ಕಾಯುವವನಲ್ಲ. ಅಂಗಡಿಗೆ ಬೀಗ ಹಾಕಿ, ಎಳೆದು ನೋಡಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡುತ್ತೇನೆ. ಎಳೆದ ರಭಸಕ್ಕೆ ಬೀಗವೇ ಸಡಿಲಾಗಿದ್ದರೆ ಎಂದು ಮೂರನೆಯ ಸಲವೂ ಬರುತ್ತೇನೆ. ಇಂಥವನ ಕೈಗೆ ಬೇರೆಯವರ ಸೆಕೆಂಡುಗಳನ್ನು ಕಾಯುವ ಕೆಲಸವನ್ನು ಯಾರೂ ಕೊಡಬಾರದು. ಯಾರೂ ಕೊಡಲಿಲ್ಲ ಕೂಡ. ನಾನೇ ಮೈಮೇಲೆ ಎಳೆದುಕೊಂಡೆ. ಮೊಬೈಲುಗಳು ಒಂದೊಂದಾಗಿ ಇಳಕಲ್ಲಿನ ಜೇಬುಗಳೊಳಗೆ ಇಳಿಯುತ್ತಿದ್ದ ವರ್ಷಗಳವು. ನನ್ನ ಎಸ್‌ಟಿಡಿ ಬೂತಿನಲ್ಲಿ ಫೋನು ಮಾಡುವವರಿಗಿಂತ ಗಡಿಯಾರ ನೋಡಲು ಬರುವವರೇ ಹೆಚ್ಚಾಗಿದ್ದರು. ನಾಲ್ಕು ಜನ ಬರಲಿ ಎಂದು ಒಂದು ಹಳೆಯ ಟಿವಿ, ಒಂದು ವಿಡಿಯೊ ಗೇಮು, ಒಂದೇ ಒಂದು ಕ್ಯಾಸೆಟ್ಟು ತಂದಿಟ್ಟೆ. ಟೊಪ್ಪಿಗೆ ಹಾಕಿಕೊಂಡ ಕಪ್ಪೆಯೊಂದು ಎಂಟು ಕೋಟೆಗಳನ್ನು ಹಾರಿ, ಕೊನೆಯಲ್ಲಿ ಒಬ್ಬ ರಾಕ್ಷಸನನ್ನು ಬೀಳಿಸಿ, ಬಾಗಿಲೊಳಗೆ ಹೊಕ್ಕರೆ ಮದುವೆ ಮನೆಯಂತೆ ಬಾಜಾ ಬಾರಿಸುವ ಆಟ ಅದು.

ಮಕ್ಕಳು ಬಂದಾರೆಂದು ನಾನು ತಿಳಿದಿದ್ದೆ. ಬಂದವರು ಸಂಗಪ್ಪ. ಐವತ್ತು ದಾಟಿದ ನೇಕಾರರು. ನಮ್ಮ ಹಿಂದಿನ ಓಣಿಯಲ್ಲಿ ಅವರ ಕುಣಿ ಮಗ್ಗ. ದಿನವೆಲ್ಲ ಕಾಲಲ್ಲೊಂದು ಲೆಕ್ಕ, ಕೈಯಲ್ಲೊಂದು ಲೆಕ್ಕ ನಡೆಸುವ ಆ ಮನುಷ್ಯನಿಗೆ ರಿಮೋಟಿನ ನಾಲ್ಕು ಗುಂಡಿ ಯಾವ ಲೆಕ್ಕ? ಅವರ ಎದುರಾಳಿ ಹುನಗುಂದದ ಮಹಾಂತೇಶ, ಬಸ್ ಕಂಡಕ್ಟರು. ಅವನ ಬಸ್ಸು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಡ್ರೈವರು ಚಹಾಕ್ಕೆ ಹೋದರೆ ಇವನು ಕೋಟೆಗೆ ಬರುತ್ತಿದ್ದ. ಎಲ್ಲರೂ ಆಟ ಮುಗಿಸಲು ಆಡಿದರೆ, ಇವನು ಬಸ್ಸು ಬಿಡುವುದರೊಳಗೆ ಮುಗಿಸಲು ಆಡಿದ. ವೇಗದ ಹುಚ್ಚು ನಮ್ಮಲ್ಲಿ ಹೀಗೆ ಶುರುವಾಯಿತು. ಅವನು ಹತ್ತೊಂಬತ್ತು ನಿಮಿಷದಲ್ಲಿ ಮುಗಿಸಿದೆ ಎಂದ. ಸಂಗಪ್ಪ ನಂಬಲಿಲ್ಲ. ಮಧ್ಯಸ್ಥಿಕೆಗೆ ನಾನು ನಿಂತೆ.

ಗೋಡೆಯ ಗಡಿಯಾರದ ಮೇಲೆ ಇಬ್ಬರಿಗೂ ವಿಶ್ವಾಸವಿರಲಿಲ್ಲ. ಆಗ ನನಗೆ ಹೊಳೆದದ್ದು ಬೂತಿನ ಮೀಟರು. ಆ ಕಡೆಯವರು ಫೋನು ಎತ್ತಿದೊಡನೆ ಕೆಂಪು ಅಂಕಿ ಓಡಲು ತೊಡಗುತ್ತದೆ, ಈ ಕಡೆ ಇಟ್ಟೊಡನೆ ನಿಲ್ಲುತ್ತದೆ, ಮೇಲಾಗಿ ನಿಮಿಷ ಸೆಕೆಂಡು ಸಮೇತ ಬಿಲ್ಲು ಹೊರಬರುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆಟ ಶುರುವಾಗುವಾಗ ನಾನು ಎರಡು ಓಣಿ ಆಚೆಯ ನಮ್ಮ ಮನೆಗೇ ಫೋನು ಹಚ್ಚುತ್ತಿದ್ದೆ. ಹೆಂಡತಿ ಗಿರಿಜಾ ಎತ್ತಿ "ಹಲೋ" ಎನ್ನುತ್ತಿದ್ದಳು, ನಾನು "ಹೂಂ!" ಎಂದು ಕೂಗಿದರೆ ಕಪ್ಪೆ ಜಿಗಿಯುತ್ತಿತ್ತು. ಅವಳು ರಿಸೀವರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಕಪ್ಪೆ ಮುಗಿಸಿದಾಗ ನಾನು ಫೋನು ಇಡುತ್ತಿದ್ದೆ. ಬಿಲ್ಲನ್ನು ಹರಿದು ಕರಿಹಲಗೆಯ ಮೇಲೆ ಅಂಟಿಸಿ, ಪಕ್ಕದಲ್ಲಿ ಸುಣ್ಣದ ಕಡ್ಡಿಯಿಂದ ಹೆಸರು ಬರೆಯುತ್ತಿದ್ದೆ. "ಲಗ್ನ ಆಗಿ ಇಪ್ಪತ್ತು ವರ್ಷ ಆತು, ಇಷ್ಟು ಸಲ ಎಂದೂ ನನಗ ಫೋನ್ ಮಾಡಿದ್ದಿಲ್ಲ," ಎಂದಳು ಗಿರಿಜಾ. "ಈಗ ಮಾಡ್ತೀರಿ, ಮಾತಾಡೂದಿಲ್ಲ."

ಹಲಗೆ ಬಂದ ಮೇಲೆ ನಿಯಮ ಬೇಕಲ್ಲ! ರಾಕ್ಷಸ ಬಿದ್ದರೆ ಆಟ ಮುಗಿದಂತೆಯೋ, ಕಪ್ಪೆ ಬಾಗಿಲು ಹೊಕ್ಕ ಮೇಲೋ? ಮಹಾಂತೇಶ ರಾಕ್ಷಸನ ಪಕ್ಷ. ಸಂಗಪ್ಪ ಒಪ್ಪಲಿಲ್ಲ. "ಸೆರಗು ನೇಯ್ದ ಕೂಡ್ಲೆ ಸೀರಿ ಆತೇನ್ರಿ ಮಾಲಕರ? ಮಗ್ಗದಿಂದ ಕೊಯ್ದು ಕೈಯಾಗ ಹಿಡೀಬೇಕು. ಅಲ್ಲೀತನಕ ಅದು ಬರೇ ನೂಲು." ನನಗೆ ಈ ಮಾತು ಎಷ್ಟು ಹಿಡಿಸಿತೆಂದರೆ, 'ಕಪ್ಪೆ ಬಾಗಿಲು ದಾಟಿ ಬಾಜಾ ಬಂದ ಮೇಲೆಯೇ ಮುಗಿದಂತೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ನಾಲ್ಕನೆಯ ಕೋಟೆಯ ಗಲಾಟೆ. ಅಲ್ಲಿ ಗೋಡೆಗೆ ಬೆನ್ನು ಹಚ್ಚಿ ಜಿಗಿದರೆ ಕಪ್ಪೆ ಗೋಡೆಯೊಳಗಿಂದಲೇ ಆಚೆ ಹೋಗುತ್ತದೆ ಎಂಬುದನ್ನು ಮಹಾಂತೇಶ ಕಂಡುಹಿಡಿದ. "ಇದು ಎಳಿ ಹಾರಿಸಿ ನೇಯ್ದಂಗ ಆತು, ಮೋಸ!" ಎಂದರು ಸಂಗಪ್ಪ. "ಬೈಪಾಸ್ ಇದ್ದಾಗ ಊರಾಗ ಹೊಕ್ಕು ಯಾಕ ಹೋಗ್ಲಿ ಕಾಕಾ? ರಸ್ತೆ ನಾ ಮಾಡೀನೇನು?" ಎಂದ ಅವನು. ನಾನು ಹದಿನೈದು ದಿನ ಅನ್ನ ಸೇರದೆ ಒದ್ದಾಡಿ, ಕೊನೆಗೆ ಗೋಡೆ ಎಲ್ಲರಿಗೂ ತೆರೆದಿದೆ ಎಂದು ತೀರ್ಪು ಕೊಟ್ಟೆ. ಮರುದಿನ ಸಂಗಪ್ಪನವರೇ ಎಲ್ಲರಿಗಿಂತ ಚೆಂದವಾಗಿ ಗೋಡೆ ದಾಟಿದರು. ಕರೆಂಟು ಹೋದರೆ ಮಾತ್ರ ಅಪೀಲಿಲ್ಲ. ಏಳು ಕೋಟೆ ಗೆದ್ದಿದ್ದರೂ ಮತ್ತೆ ಮೊದಲಿಂದ. ಕರೆಂಟು ಹೋದದ್ದಕ್ಕೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ತಪ್ಪು ಮಾಡಿದವನಂತೆ ತಲೆ ತಗ್ಗಿಸುತ್ತಿದ್ದೆ.

ಹೀಗೆ ಹಲಗೆಯ ಮೇಲೆ ಏಳು ಹೆಸರುಗಳಾದವು. ಮೊದಲು ಸಂಗಪ್ಪ, ಹದಿನಾರು ನಿಮಿಷ ನಲವತ್ತು ಸೆಕೆಂಡು. ಎರಡನೆಯದು ಮಹಾಂತೇಶ, ಹದಿನಾರು ನಲವತ್ತೆರಡು. ಮೂರನೆಯ ಹೆಸರು, ಹೇಳಿಕೊಳ್ಳಲು ಸಂಕೋಚ, ನನ್ನದು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ನಾನೇ ಆಡಿದ್ದೆ. ಹದಿನೇಳು ನಿಮಿಷ ಐದು ಸೆಕೆಂಡು. ಬೇಕಾದರೆ ಬಿಲ್ಲು ನೋಡಿ.

ಒಂದು ದಿನ ಮಹಾಂತೇಶ ಬಂದವನು ರಿಮೋಟು ಮುಟ್ಟದೆ ಬೆಂಚಿನ ಮೇಲೆ ಕೂತ. "ಬಾದಾಮಿ ಡಿಪೋಕ್ಕ ಟ್ರಾನ್ಸ್‌ಫರ್ ಆಗೇತ್ರಿ ಮಾಲಕರ. ನಾಳಿಗೆ ಈ ರೂಟಿನ್ಯಾಗ ಕಡೀ ಟ್ರಿಪ್ಪು. ಬಾದಾಮಿಗೆ ಹೋದ್ರ ದಿನಾ ಪಟ್ಟದಕಲ್ಲಿನ ಗಾಡಿ. ಅಲ್ಲಿ ಕಪ್ಪಿ ಎಲ್ಲೀದು? ನನ್ನ ಚೀಟಿ ಹಲಗಿ ಮ್ಯಾಲಿಂದ ತಗದು ಕೊಡ್ರಿ, ಡಿಪೋದಾಗ ತೋರಸ್ತೇನಿ. ಎರಡನೇ ನಂಬರ್ ಅಂದ್ರ ನಗ್ತಾರ. ನಗ್ಲಿ ಬಿಡ್ರಿ." ನಾಳೆ ಕೊಡುತ್ತೇನೆ ಎಂದೆ. ಅವನು ಹೋದ. ಚೀಟಿ ತೆಗೆಯಲು ಹೋದ ನಾನು ಕೈ ಹಿಂದೆಗೆದುಕೊಂಡೆ.

ಕಾರಣವಿದೆ. ಅವನು ಆ ಹದಿನಾರು ನಲವತ್ತೆರಡನ್ನು ಆಡಿದ ದಿನ ಬಸ್ಸು ಬಿಡುವ ಹೊತ್ತಾಗಿತ್ತು, ಡ್ರೈವರು ಬೀದಿಯಲ್ಲಿ ಹಾರನ್ನು ಬಾರಿಸುತ್ತಿದ್ದ. ಬಸ್ಸಿನ ತುಂಬ ಜನ. ಇವನ ಕೆಲಸ ಹೋದರೆ? ಮೆಮೊ ಬಂದರೆ? ಅದರಲ್ಲಿ ನನ್ನ ಅಂಗಡಿಯ ಹೆಸರಿದ್ದರೆ? ನಾನು ಕಿಟಕಿಯಿಂದ ಬಸ್ಸನ್ನು ನೋಡುತ್ತ ನಿಂತಿದ್ದೆ. ಹಿಂದಿನಿಂದ ಬಾಜಾ ಕೇಳಿತು. ಕೇಳಿದೊಡನೆ ಫೋನು ಇಟ್ಟೆನೆ, ಸ್ವಲ್ಪ ಬಿಟ್ಟು ಇಟ್ಟೆನೆ? ಅವರಿಬ್ಬರ ನಡುವೆ ಇರುವುದೇ ಎರಡು ಸೆಕೆಂಡು. ಆ ಎರಡೂ ನನ್ನವೇ ಇರಬಹುದು, ಮೇಲೆ ಇನ್ನೊಂದೆರಡು ಕೂಡ! ಹೇಳಿದರೆ ಸಂಗಪ್ಪನವರ ಮೊದಲ ನಂಬರು ಹೋಗುತ್ತದೆ. ಅವರು ಅದನ್ನು ಮಗ್ಗದ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಹೇಳದಿದ್ದರೆ ಒಬ್ಬ ಮನುಷ್ಯ ನನ್ನ ತಪ್ಪನ್ನು ತನ್ನ ಸೋಲೆಂದು ಜೇಬಿನಲ್ಲಿಟ್ಟುಕೊಂಡು ಬಾದಾಮಿಗೆ ಹೋಗುತ್ತಾನೆ. ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಆ ದಿನ ಎಷ್ಟು ಸಲ ನಡೆದೆನೋ. ಎದುರಿನ ಪಾನ್ ಅಂಗಡಿಯವನು "ಬೀಗದ ಕೈ ಕಳಕೊಂಡೀರೇನ್ರಿ?" ಎಂದು ಕೇಳಿ, ನನ್ನ ಜೊತೆ ಹುಡುಕಲು ಕೂಡ ಶುರುಮಾಡಿದ.

ಮರುದಿನ ಬೆಳಿಗ್ಗೆ ನಾಷ್ಟಾದ ಮುಂದೆ ಕೂತು ಉಪ್ಪಿಟ್ಟನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸುತ್ತಿದ್ದೆ. ಗಿರಿಜಾ ಕೇಳಿದಳು. ಹೇಳಿದೆ. "ಅಷ್ಟ ಹೌದಲ್ರಿ?" ಎಂದಳು. "ಆವತ್ತು ಬಾಜಾ ಬಂದ ಮ್ಯಾಲ ಹಾರನ್ ಎರಡು ಸಲ ಆತು. ಉದ್ದಕ ಹೊಡದ ಅಂವ. ಆಮ್ಯಾಲ ನೀವು ಫೋನ್ ಇಟ್ರಿ. ನಾ ಅಷ್ಟ್ರಾಗ ಒಂದು ರೊಟ್ಟಿ ತಿರುವಿ ಹಾಕಿದ್ದೆ."

ನಾನು ಬಾಯಿ ತೆರೆದು ನೋಡಿದೆ. ಕಟ್ಟೆಯ ಮೇಲಿನ ರಿಸೀವರಿನಿಂದ ಎಂಟು ಕೋಟೆಯ ಸದ್ದೂ ಇಷ್ಟು ತಿಂಗಳು ನನ್ನ ಅಡುಗೆಮನೆಗೆ ಬರುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. "ನಾಕನೇ ಕ್ವಾಟಿಗೆ ರೊಟ್ಟಿ ಶುರು ಮಾಡಿದ್ರ ಬಾಜಾಕ್ಕ ಆರು ಆಗ್ತಾವು," ಎಂದಳು. "ಸಂಗಪ್ಪಣ್ಣಾರದು ಆದ್ರ ಐದ, ಆರನೇದು ಹಂಚಿನ ಮ್ಯಾಲ ಇರ್ತದ."

ಹನ್ನೊಂದಕ್ಕೆ ಇಬ್ಬರೂ ಅಂಗಡಿಯಲ್ಲಿದ್ದರು. ನಾನು ನಿಂತೇ ಇದ್ದು, ಕೂತು, ಮತ್ತೆ ಎದ್ದು, ಗಿರಿಜಾ ಹೇಳಿದ್ದರ ಸಮೇತ ವಿಷಯವನ್ನು ಹೇಳಿದೆ. ಮಹಾಂತೇಶ ನನ್ನನ್ನು ನೋಡಲಿಲ್ಲ, ಸಂಗಪ್ಪನವರನ್ನು ನೋಡಿದ. ಸಂಗಪ್ಪ ಹಲಗೆಯನ್ನು ನೋಡಿದರು. "ನಿಮ್ಮ ಮಾತು ನಾ ನಂಬೂದಿಲ್ರಿ ಮಾಲಕರ," ಎಂದರು ನಿಧಾನವಾಗಿ. "ನೀವು ಬೀಗ ಹಾಕೇನಿ ಅಂದ್ರೂ ನಿಮಗ ನಂಬಿಕಿ ಇರೂದಿಲ್ಲ. ಅಕ್ಕಾರಿಗೆ ಫೋನ್ ಹಚ್ರಿ."

ಹಚ್ಚಿದೆ. ಮೀಟರು ಓಡತೊಡಗಿತು. ಸಂಗಪ್ಪ ರಿಸೀವರನ್ನು ಕಿವಿಗಿಟ್ಟುಕೊಂಡು "ಹೂಂ... ಹೂಂ... ಎರಡು ಸಲ? ಉದ್ದಕ?" ಎಂದರು. ಆಮೇಲೆ ತಾವೇ ಬಾಯಲ್ಲಿ ಬಸ್ಸಿನ ಹಾರನ್ನು ಎರಡು ಸಲ ಉದ್ದಕ್ಕೆ ಊದಿ, ಮೀಟರಿನ ಅಂಕಿ ನೋಡಿದರು. ನಾಲ್ಕು ಸೆಕೆಂಡು. ರಿಸೀವರನ್ನು ಮೇಜಿನ ಮೇಲಿಟ್ಟು, ಎದ್ದು ಹೋಗಿ ಅಂಗೈಯಿಂದ ತಮ್ಮ ಹೆಸರನ್ನು ತಾವೇ ಒರೆಸಿದರು. "ಎಳಿ ತಪ್ಪಿದ್ದು ಕಂಡಮ್ಯಾಲ ಬಿಚ್ಚಾಕ ಬೇಕು. ಬರಿ ನಿನ್ನ ಹೆಸರು, ಕಂಡಕ್ಟರ. ಬಾದಾಮಿ ಮಂದಿ ಮುಂದ ಇಳಕಲ್ಲಿನವರು ಸೋತ್ರು ಅಂತ ಹೇಳಬ್ಯಾಡ ಮತ್ತ. ಹಾರನ್ ಸೋಲಿಸ್ತು ಅನ್ನು." ಮಹಾಂತೇಶ ಹಲಗೆಯ ಬಳಿಗೆ ಹೋದ. ಬಿಲ್ಲನ್ನು ಬಿಡಿಸಿಕೊಂಡ. ಅದರ ಹಿಂದೆ ನಾನು 'ನಾಲ್ಕು ಸೆಕೆಂಡು ನನ್ನ ತಪ್ಪು, ಮೊದಲನೆಯ ನಂಬರು' ಎಂದು ಬರೆದು ಸಹಿ ಹಾಕಿ, ಅಂಗಡಿಯ ಶಿಕ್ಕಾ ಒತ್ತಿ ಕೊಟ್ಟೆ. ಅದನ್ನು ಟಿಕೆಟ್ ಬ್ಯಾಗಿನಲ್ಲಿ ಅಲ್ಲ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡ.

ಎದೆಯ ಮೇಲಿನ ಕಲ್ಲು ಇಳಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಸಂಗಪ್ಪ ಮತ್ತೆ ರಿಸೀವರು ಎತ್ತಿಕೊಂಡರು. "ಅಕ್ಕಾರ, ಹಂಗ ಉಳದವರದೂ ಹೇಳಿಬಿಡ್ರಿ. ಮೂರನೇ ನಂಬರು ನಮ್ಮ ಮಾಲಕರು. ಅವರದೆಷ್ಟು ರೊಟ್ಟಿ?"

ಆ ಕಡೆಯಿಂದ ಏನೋ ಉತ್ತರ ಬಂತು. ಸಂಗಪ್ಪನವರ ಹುಬ್ಬು ಮೇಲೇರಿತು. ರಿಸೀವರಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದರು.

"ನಿಮ್ಮ ಪಾಳಿಗೆ ಬಾಜಾನ ಬರ್ಲಿಲ್ಲಂತ್ರಿ."

ಓದುಗರೇ, ಆ ಮಧ್ಯಾಹ್ನ ರಾಕ್ಷಸ ಬಿದ್ದದ್ದು ನಿಜ. ಬಾಗಿಲು ನಾಲ್ಕೇ ಹೆಜ್ಜೆ ದೂರವಿತ್ತು. ಭುಜದಿಂದ ರಿಸೀವರು ಜಾರುತ್ತಿತ್ತು. ಬಿದ್ದು ಒಡೆದೀತೆಂಬ ಭಯಕ್ಕೆ ಅದನ್ನು ಹಿಡಿದು ಇಟ್ಟೇಬಿಟ್ಟೆ. ಬಿಲ್ಲು ಬಂತು. ಬಿಲ್ಲು ಬಂದ ಮೇಲೆ ಅದನ್ನು ಅಂಟಿಸದೆ ಇರಲು ನನಗೇನು ಹುಚ್ಚೆ? "ಆಮ್ಯಾಲ ಕಪ್ಪಿ ಏನಾತ್ರಿ?" ಎಂದು ಮಹಾಂತೇಶ ಕೇಳಿದ. ನಾನು ಸತ್ಯವನ್ನೇ ಹೇಳಿದೆ. ಅಂಟಿಸಿ ತಿರುಗಿ ನೋಡುವಷ್ಟರಲ್ಲಿ ಅದು ಬಾಗಿಲ ಮುಂದಿನ ಹೊಂಡದಲ್ಲಿ ಬಿದ್ದು ಸತ್ತಿತ್ತು. ಅವನು ನಗುತ್ತ ನಗುತ್ತಲೇ ಓಡಿಹೋಗಿ ಬಸ್ಸು ಹತ್ತಿದ. ಹಾರನ್ನು ಎರಡು ಸಲ ಉದ್ದಕ್ಕೆ ಕೇಳಿತು.

ಎರಡು ಗೆರೆ ಎಳೆದ ನನ್ನ ನಿಯಮದ ಕೆಳಗೇ ನಿಂತು ನನ್ನ ಹೆಸರನ್ನು ಒರೆಸಿದೆ. ಬಿಲ್ಲನ್ನು ಕೀಳಲು ಹೋದೆ; ಬರಲಿಲ್ಲ. ಉಗುರು ಹಾಕಿದೆ, ನೀರು ಹಚ್ಚಿದೆ. ಸಂಗಪ್ಪ ಕೈಕಟ್ಟಿ ನೋಡುತ್ತ ನಿಂತಿದ್ದರು. ಉಳಿದವರೆಲ್ಲರ ಬಿಲ್ಲಿಗೆ ಒಂದೊಂದೇ ಹನಿ ಅಂಟು ಹಾಕಿದ್ದ ನಾನು, ನನ್ನದಕ್ಕೆ ಮಾತ್ರ ನಾಲ್ಕೂ ಮೂಲೆಗೆ ಹಚ್ಚಿದ್ದೆ.